ಹಳೆ ಜೀಪಿನ ಇಂಜಿನ್ ಸೀಜ್ ಆಗಿದ್ಯಾ? ಬೇರೆ ಇಂಜಿನ್ ಹುಡುಕೋಕೆ ಮುಂಚೆ ಇದನ್ನ ಓದ್ರಿ

ಹಳೆ ಫೋರ್‌ವೀಲ್ ಜೀಪಿನ ಇಂಜಿನ್ ಸೀಜ್ ಆಗಿ, ಅಂದ್ರೆ ಒಳಗೆ ಹಿಡ್ಕೊಂಡು ತಿರುಗದಂಗೆ ನಿಂತ್ರೆ ಸಾಕು, ದಾವಣಗೆರೆ ಚಿತ್ರದುರ್ಗ ಕಡೆ ಎಲ್ರೂ ಕೇಳೋದು ಒಂದೇ, "ಸೆಕೆಂಡ್ಸ್ ಇಂಜಿನ್ ಎಲ್ಲಿ ಸಿಗುತ್ತಪ್ಪಾ" ಅಂತ. ನನ್ನ ಕೇಳಿದ್ರೆ ಅದು ಮೂರನೇ ಪ್ರಶ್ನೆ. ಮೊದಲನೇದು, ಇಂಜಿನ್ ನಿಜವಾಗ್ಲೂ ಸೀಜ್ ಆಗೈತಾ? ಎರಡನೇದು, ಆಗಿದ್ರೆ ಯಾಕಾಯ್ತು? ಈ ಎರಡನೇದಕ್ಕೆ ಉತ್ತರ ಸಿಗೋವರೆಗೂ ಬೇರೆ ಇಂಜಿನ್‌ಗೆ ದುಡ್ಡು ಬಿಚ್ಬೇಡ್ರಿ. ಯಾಕಂದ್ರೆ ಹಳೇ ಇಂಜಿನ್ನ ಕೊಂದಿದ್ದು ಬಾಳ ಸಲ ಇಂಜಿನ್ ಒಳಗೆ ಇರಲ್ಲ, ಹೊರಗಿರುತ್ತೆ, ರೇಡಿಯೇಟರಲ್ಲಿ, ಏರ್ ಕ್ಲೀನರ್ ಪೈಪಲ್ಲಿ, ಟೆಂಪರೇಚರ್ ಮೀಟರಿಂದ ಕಿತ್ತೋಗಿರೋ ಒಂದು ವೈರಲ್ಲಿ, ಅದೆಲ್ಲ ಗಾಡಿಯಲ್ಲೇ ಉಳ್ಕೊಂಡು ಮುಂದಿನ ಇಂಜಿನ್ ಬರಲಿ ಅಂತ ಕಾಯ್ತಿರುತ್ತೆ.

ಇಲ್ಲಿ ನಾನು ಮನಸ್ಸಲ್ಲಿ ಇಟ್ಕೊಂಡಿರೋದು ಮಹೀಂದ್ರಾ ಎಂಎಂ 540 ಥರದ ಗಾಡಿ, ಚನ್ನಗಿರಿ ಕಡೆ ಅಡಿಕೆ ತೋಟದಲ್ಲಿ, ಚಳ್ಳಕೆರೆ ಕಡೆ ಶೇಂಗಾ ಹೊಲದಲ್ಲಿ ಇನ್ನೂ ದುಡೀತಿರೋವು, ಯಾವುದೋ ಇಲಾಖೆ ಹರಾಜಲ್ಲಿ ಹಿಡಿದು ತಂದಿರೋವು. ಅದರಲ್ಲಿ ಬರೋದು ಪ್ಯೂಜೋ ಡೀಸೆಲ್, ಎಕ್ಸ್‌ಡಿಪಿ 4.90, 90 ಮಿಮೀ ಬೋರು (ಸಿಲಿಂಡರಿನ ಅಗಲ) 83 ಮಿಮೀ ಸ್ಟ್ರೋಕು (ಪಿಸ್ಟನ್ ಓಡಾಡೋ ದೂರ), 2112 ಸಿಸಿ. ಕಂಪ್ಯೂಟರ್ ಇಲ್ಲ, ಸೆನ್ಸರ್ ಇಲ್ಲ, ಡೀಸೆಲ್ ಮತ್ತೆ ಗಾಳಿ ಸಿಕ್ರೆ ಓಡ್ತಾನೇ ಇರುತ್ತೆ. ಬೇರೆ ಹಳೆ ಡೀಸೆಲ್ ಜೀಪ್ ಇದ್ರೂ ಕೆಲಸದ ಕ್ರಮ ಹೆಚ್ಚುಕಮ್ಮಿ ಇದೇ.

ಮೊದಲು ಸೀಜ್ ಆಗೈತೋ ಇಲ್ವೋ ನೋಡೋಣ. ಸೆಲ್ಫ್ (ಸ್ಟಾರ್ಟರ್ ಮೋಟಾರು) ಹೊಡೆದ್ರೆ "ಟಕ್" ಅಂದು ಸುಮ್ನಾಗುತ್ತೆ ಅಂದಾಕ್ಷಣ ಇಂಜಿನ್ ಹೋಯ್ತು ಅಂತಲ್ಲ. ಬ್ಯಾಟರಿ ಡೌನ್ ಆಗಿರಬಹುದು, ಅರ್ಥ್ ಕೇಬಲ್ ಹಿಡಿದಿರಲ್ಲ, ಸೆಲ್ಫಿನ ಪಿನಿಯನ್ ಫ್ಲೈವೀಲ್ ಹಲ್ಲಿಗೆ ಸಿಕ್ಕಾಕ್ಕೊಂಡು ಇಡೀ ಇಂಜಿನ್ನೇ ಲಾಕ್ ಆದಂಗೆ ಕಾಣುತ್ತೆ. ಹಂಗಾಗಿ ಸೆಲ್ಫ್ ಬಿಚ್ಚಿ ಪಕ್ಕಕ್ಕಿಡ್ರಿ. ಫ್ಯಾನ್ ಬೆಲ್ಟ್ ತೆಗೀರಿ, ಆಲ್ಟರ್ನೇಟರ್ ಅಥವಾ ವಾಟರ್ ಪಂಪ್ ಬೇರಿಂಗ್ ಜಾಮ್ ಆಗಿದ್ರೆ ಅಲ್ಲೇ ಗೊತ್ತಾಗುತ್ತೆ. ಗೇರ್ ನ್ಯೂಟ್ರಲ್ ಮಾಡಿ, ಒಬ್ರಿಗೆ ಕ್ಲಚ್ ಒತ್ತಿ ಹಿಡಿಯೋಕೆ ಹೇಳಿ. ಆಮೇಲೆ ಮುಂದಿನ ಕ್ರ್ಯಾಂಕ್ (ಪಿಸ್ಟನ್ನುಗಳು ತಿರುಗಿಸೋ ಮುಖ್ಯ ಶಾಫ್ಟು) ಪುಲ್ಲಿ ನಟ್ಟಿಗೆ ದೊಡ್ಡ ಬಾಕ್ಸ್ ಪಾನಾ ಹಾಕಿ ಉದ್ದ ಹ್ಯಾಂಡಲಲ್ಲಿ ನಿಧಾನಕ್ಕೆ ತಿರುಗಿಸಿ ನೋಡ್ರಿ. ಗಾಡಿ ಎಳ್ಸಿ ಸ್ಟಾರ್ಟ್ ಮಾಡೋದು, ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಸೆಕೆಂಡ್ ಗೇರಲ್ಲಿ ಕ್ಲಚ್ ಬಿಡೋದು ಇದೆಲ್ಲ ಬೇಡವೇ ಬೇಡ, ಪಿಸ್ಟನ್ನನ್ನ ಕ್ರ್ಯಾಂಕಿಗೆ ಸೇರಿಸೋ ಕನೆಕ್ಟಿಂಗ್ ರಾಡ್ ಬಗ್ಗುತ್ತೆ, ಬ್ಲಾಕ್ ತೂತಾಗುತ್ತೆ, ರಿಪೇರಿ ಆಗೋ ಇಂಜಿನ್ ಗುಜರಿಗೆ ಹೋಗುತ್ತೆ.

ಕ್ರ್ಯಾಂಕ್ ಸ್ವಲ್ಪ ತಿರುಗಿ ಒಂದೇ ಜಾಗದಲ್ಲಿ ಗಟ್ಟಿಯಾಗಿ ನಿಲ್ತಿದೆ ಅಂದ್ರೆ ಸಿಲಿಂಡರಲ್ಲಿ ನೀರೋ ಡೀಸೆಲ್ಲೋ ತುಂಬ್ಕೊಂಡಿರೋ ಚಾನ್ಸ್ ಬಾಳ. ನೀರು ಒತ್ತಿದ್ರೆ ಕುಗ್ಗಲ್ಲ, ಪಿಸ್ಟನ್ ಮೇಲೆ ಬರೋಕಾಗಲ್ಲ. ಹಳ್ಳ ದಾಟ್ವಾಗ ಏರ್ ಕ್ಲೀನರ್‌ನಿಂದ ನೀರು ಎಳ್ಕೊಂಡಿರುತ್ತೆ, ಇಲ್ಲ ಹೆಡ್ಡಿಗೂ ಬ್ಲಾಕಿಗೂ ನಡುವಿನ ಹೆಡ್ ಗ್ಯಾಸ್ಕೆಟ್ ಹೋಗಿ ರಾತ್ರಿಯೆಲ್ಲ ಕೂಲೆಂಟ್ ಇಳಿದಿರುತ್ತೆ. ನಾಲ್ಕೂ ನಾಜಲ್ (ಸಿಲಿಂಡರಿಗೆ ಡೀಸೆಲ್ ಚಿಮ್ಮಿಸೋವು) ಬಿಚ್ಚಿ, ಮುಖ ಆ ಕಡೆ ಇಡದೆ ಕ್ರ್ಯಾಂಕ್ ತಿರುಗಿಸ್ರಿ, ನೀರು ಚಿಮ್ಮಿ ಹೊರಗೆ ಬಂದ್ರೆ ನಿಮ್ಮ ಅದೃಷ್ಟ ನೆಟ್ಟಗಿದೆ. ರಾಡ್ ಬಗ್ಗಿಲ್ಲ ಅಂತ ಖಾತ್ರಿ ಮಾಡ್ಕೊಂಡು, ಗ್ಯಾಸ್ಕೆಟ್ ಕೆಲಸದಲ್ಲೇ ಮುಗಿಯಬಹುದು.

ವರ್ಷಗಟ್ಟಲೆ ಶೆಡ್ಡಲ್ಲಿ ನಿಂತ ಗಾಡಿ ಆದ್ರೆ ಪಿಸ್ಟನ್ ರಿಂಗು ಲೈನರಿಗೆ (ಪಿಸ್ಟನ್ ಓಡಾಡೋ ಕೊಳವೆ) ತುಕ್ಕು ಹಿಡಿದು ಅಂಟ್ಕೊಂಡಿರುತ್ತೆ. ನಾಜಲ್ ತೂತಿಂದ ಪ್ರತಿ ಸಿಲಿಂಡರಿಗೆ ಡೀಸೆಲ್ಲು, ಗೇರ್ ಆಯಿಲ್ಲು ಬೆರೆಸಿ ಸ್ವಲ್ಪ ಬಿಟ್ಟು ನೆನೆಸ್ರಿ. ನೆನೆಸಿಟ್ಟು ಹೋಗಿ ಮಂಡಕ್ಕಿ ಮಿರ್ಚಿ ತಿಂದ್ಕೊಂಡು ಬಂದು ತಿರುಗಿಸಿದ್ರೆ ಆಗಲ್ಲ, ದಿನಗಟ್ಟಲೆ ಬೇಕು, ದಿನಾ ಸ್ವಲ್ಪ ಹಿಂದಕ್ಕೆ ಮುಂದಕ್ಕೆ ಒತ್ತಿ ನೋಡ್ತಿರಬೇಕು. ಬಿಟ್ಕೊಂಡ್ರೆ ಒಳ್ಳೇದೇ, ಆದ್ರೂ ಹೆಡ್ ತೆಗೆದು ಲೈನರ್ ಮುಖ ನೋಡದೆ ಓಡಿಸ್ಬೇಡ್ರಿ.

ಇದ್ಯಾವುದೂ ಅಲ್ಲ, ಓಡ್ತಾ ಓಡ್ತಾ ಬಿಸಿಯಾಗಿ ನಿಂತಿದೆ, ಅಥವಾ ಆಯಿಲ್ ಲೈಟ್ ಹತ್ತಿ ಒಳಗೆ ಸುತ್ತಿಗೆ ಬಡಿದಂಗೆ ಸದ್ದು ಬಂದು ನಿಂತಿದೆ ಅಂದ್ರೆ ಅದು ಅಸಲಿ ಸೀಜು. ಸಂಪ್ (ಇಂಜಿನ್ ತಳದ ಆಯಿಲ್ ಬಟ್ಟಲು) ಬಿಚ್ಚಿ ನೋಡ್ರಿ. ತಳದಲ್ಲಿ ಬೇರಿಂಗಿನ ಹೊಳೆಯೋ ಚೂರು ಇದ್ರೆ ಆಯಿಲ್ ಕೈಕೊಟ್ಟಿದೆ, ಆಯಿಲ್ ಹಾಲು ಹಾಕಿದ ಕಾಫಿ ಬಣ್ಣಕ್ಕೆ ತಿರುಗಿದ್ರೆ ನೀರು ಸೇರಿದೆ, ಎರಡೂ ಇಲ್ದೆ ಪಿಸ್ಟನ್ ಪಕ್ಕದಲ್ಲಿ ಉದ್ದುದ್ದ ಗೀರು ಬಿದ್ದಿದ್ರೆ ಬಿಸಿ.

ಈಗ ಯಾಕಾಯ್ತು ಅನ್ನೋದಕ್ಕೆ ಬರೋಣ, ನಮ್ಮ ಕಡೆಗೆ ಇದರಲ್ಲಿ ಒಂದು ವಿಶೇಷ ಐತೆ. ಚಿತ್ರದುರ್ಗ, ಚಳ್ಳಕೆರೆ, ಹಿರಿಯೂರು, ಜಗಳೂರು ಕಡೆ ಬೋರ್ ನೀರು ಎಷ್ಟು ಗಡಸು ಅಂತ ನಿಮ್ಮನೆ ನೀರು ಕಾಯ್ಸೋ ಹಂಡೆ ತಳ ಕೆರೆದು ನೋಡಿದ್ರೆ ಗೊತ್ತಾಗುತ್ತೆ. ಅದೇ ನೀರನ್ನ ಬಾಟ್ಲಿ ಬಾಟ್ಲಿ ರೇಡಿಯೇಟರಿಗೆ ಸುರೀತಾರೆ. ಬಿಸಿಯಾದಾಗ ಸುಣ್ಣ ಪೈಪುಗಳ ಒಳಗೋಡೆಗೆ, ಬ್ಲಾಕಿನ ವಾಟರ್ ಜಾಕೆಟಿಗೆ ಕೂರುತ್ತೆ, ಪೈಪು ಕಟ್ಕೊಳ್ಳುತ್ತೆ, ಬಿಸಿ ಹೊರಗೆ ಹೋಗಲ್ಲ. ಹೊರಗಿಂದ ನೋಡಿದ್ರೆ ರೇಡಿಯೇಟರ್ ತುಂಬಿದೆ, ಲೀಕಿಲ್ಲ, ಚೆನ್ನಾಗೇ ಐತೆ ಅನ್ಸುತ್ತೆ. ಏಪ್ರಿಲ್ ಬಿಸಿಲಲ್ಲಿ ಲೋಡ್ ಹಾಕ್ಕೊಂಡು ಏರು ಹತ್ತಿದ ದಿನ ಬಣ್ಣ ಗೊತ್ತಾಗುತ್ತೆ. ಆದ್ರಿಂದ ಇಂಜಿನ್ ಕೆಳಗಿಳಿದಾಗ ರೇಡಿಯೇಟರನ್ನ ರೇಡಿಯೇಟರ್ ಕೆಲಸದವರ ಹತ್ರ ಕೊಟ್ಟು, ಮೇಲಿನ ಕೆಳಗಿನ ಟ್ಯಾಂಕ್ ಬಿಚ್ಸಿ ರಾಡಿಂಗ್, ಅಂದ್ರೆ ಪೈಪೊಳಗೆ ಕಡ್ಡಿ ತೂರಿಸಿ ಕ್ಲೀನ್, ಮಾಡ್ಸ್ರಿ. ಹಿತ್ತಾಳೆ ತಾಮ್ರದ ಹಳೇ ರೇಡಿಯೇಟರಿಗೆ ಅದು ಸಾಧ್ಯ, ಪೈಪ್ ಬಾಳ ಸವೆದಿದ್ರೆ ಕೋರ್ ಬದಲಾಯ್ಸೋದೇ ವಾಸಿ. ಮುಂದಕ್ಕೆ ಕೂಲೆಂಟು ಡಿಸ್ಟಿಲ್ಡ್ ವಾಟರು ಅಷ್ಟೇ, ಬೋರ್ ನೀರು ದಾರಿಯಲ್ಲಿ ಕೈಕೊಟ್ಟಾಗ ಮನೆ ತಲುಪೋಕೆ ಮಾತ್ರ.

ಥರ್ಮೋಸ್ಟಾಟ್, ಅಂದ್ರೆ ಇಂಜಿನ್ ಬಿಸಿಯಾದ್ಮೇಲೆ ರೇಡಿಯೇಟರಿಗೆ ನೀರು ಬಿಡೋ ವಾಲ್ವ್ ಬಗ್ಗೆನೂ ಹೇಳಿಬಿಡ್ತೀನಿ. "ನಮ್ಮ ಸೆಕೆಗೆ ಅದು ಯಾಕೆ ಬೇಕು ಸಾರ್, ಕಿತ್ ಬಿಸಾಕಿ" ಅನ್ನೋ ಮೇಸ್ತ್ರಿಗಳು ಎಲ್ಲಾ ಊರಲ್ಲೂ ಇದ್ದಾರೆ. ನಾನು ಒಪ್ಪಲ್ಲ. ಅದಿಲ್ದಿದ್ರೆ ಇಂಜಿನ್ ಸರಿಯಾದ ಬಿಸಿಗೆ ಬರೋಕೆ ಬಾಳ ಹೊತ್ತು ತಗೊಳುತ್ತೆ, ತಣ್ಣಗಿರೋವಾಗ್ಲೇ ಲೈನರ್ ಜಾಸ್ತಿ ಸವೆಯೋದು, ಡೀಸೆಲ್ಲೂ ಜಾಸ್ತಿ ಕುಡಿಯುತ್ತೆ. ಕೆಟ್ಟಿದ್ರೆ ಹೊಸದು ಹಾಕಿ. ಹಾಕೋ ಮುಂಚೆ ಬಿಸಿನೀರಲ್ಲಿ ಇಳಿಬಿಟ್ಟು ಬಾಯಿ ಬಿಡುತ್ತಾ ನೋಡ್ಕೊಳ್ರಿ.

ಇನ್ನೊಂದು ಕೊಲೆಗಾರ ಧೂಳು. ಹಳೇ ಜೀಪಲ್ಲಿ ಆಯಿಲ್ ಬಾತ್ ಏರ್ ಕ್ಲೀನರ್ ಇರುತ್ತೆ, ಬಟ್ಟಲಲ್ಲಿ ಆಯಿಲ್ ಇದ್ರೆ ಧೂಳು ಹಿಡಿಯುತ್ತೆ, ಇಲ್ದಿದ್ರೆ ಅದು ಬರೀ ಡಬ್ಬ. ಬಟ್ಟಲಿಂದ ಇಂಜಿನ್‌ವರೆಗಿನ ರಬ್ಬರ್ ಪೈಪ್ ಬಿರುಕು ಬಿಟ್ಟಿದ್ರೆ ಶೇಂಗಾ ಹೊಲದ ಕೆಮ್ಮಣ್ಣು ನೇರ ಸಿಲಿಂಡರಿಗೆ, ರಿಂಗು ಸವೆದು ಕಂಪ್ರೆಶನ್ (ಸಿಲಿಂಡರಲ್ಲಿ ಗಾಳಿ ಒತ್ತೋ ಶಕ್ತಿ) ಹೋಗುತ್ತೆ, ಆಯಿಲ್ ಕುಡಿಯುತ್ತೆ, ಆಯಿಲ್ ಕಮ್ಮಿಯಾಗಿದ್ದು ಯಾರೂ ನೋಡಲ್ಲ, ಕೊನೆಗೆ ಸೀಜು.

ಸರಿ, ಕಾರಣ ಸಿಕ್ತು, ಈಗ ಇಂಜಿನ್ ಎಲ್ಲಿಂದ? ಇರೋದನ್ನೇ ಫುಲ್ ಇಂಜಿನ್ ಕೆಲಸ ಮಾಡ್ಸೋದು ಒಂದು ದಾರಿ, ಬ್ಲಾಕ್ ಒಡೆದಿಲ್ಲ ಕ್ರ್ಯಾಂಕ್ ಇನ್ನೂ ಉಜ್ಜಿ ಸರಿಮಾಡೋ ಗ್ರೈಂಡಿಂಗ್ ಲಿಮಿಟಲ್ಲಿ ಐತೆ ಅಂದ್ರೆ ನಾನು ಅದನ್ನೇ ಹೇಳೋದು. ಈ ಪ್ಯೂಜೋ ಇಂಜಿನ್‌ಗೆ ವೆಟ್ ಲೈನರ್, ಅಂದ್ರೆ ಲೈನರ್ ಸುತ್ತ ನೇರ ನೀರು ಓಡಾಡುತ್ತೆ, ಹಳೇದು ಎಳೆದು ಹೊಸ ಲೈನರ್ ಪಿಸ್ಟನ್ ಸೆಟ್ ಕೂರಿಸಬಹುದು, ಬ್ಲಾಕ್ ಬೋರ್ ಮಾಡ್ಸೋ ಗೋಜಿಲ್ಲ. ಇಂಜಿನ್ ನಂಬರೂ ಅದೇ ಉಳಿಯುತ್ತೆ, ಆರ್‌ಟಿಒ ಆಫೀಸ್ ಅಲೆದಾಟ ಇಲ್ಲ. ಲೇತ್ ಕೆಲಸಕ್ಕೆ ನಮ್ಮ ಕಡೆ ಕೊರತೆ ಇಲ್ಲ, ಹರಿಹರದಲ್ಲಿ 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಶುರುವಾಗಿ ದಶಕಗಟ್ಟಲೆ ಲೇತ್ ಮಷೀನ್ ಮಾಡಿದ ಊರದು, ಫ್ಯಾಕ್ಟರಿ ಮುಚ್ಚಿದ್ರೂ ಮೈಕ್ರೋಮೀಟರ್ ಹಿಡಿಯೋ ಕೈಗಳು ಇನ್ನೂ ಇದಾವೆ.

ಬ್ಲಾಕೇ ಹೋಗಿದ್ರೆ ಬೇರೆ ಗಾಡಿಯಿಂದ ಬಿಚ್ಚಿದ ಇಂಜಿನ್ನೇ ಗತಿ. ಗುಜರಿಯಲ್ಲಿ "ಸ್ಟಾರ್ಟ್ ಮಾಡಿ ತೋರ್ಸ್ತೀವಿ" ಅಂದ್ರೆ ಮೊದಲೇ ಬಿಸಿ ಮಾಡಿ ಇಟ್ಟಿಲ್ಲ ತಾನೇ ಅಂತ ಮುಟ್ಟಿ ನೋಡ್ರಿ, ತಣ್ಣಗಿರೋ ಇಂಜಿನ್ ಹೆಂಗೆ ಎದ್ದೇಳುತ್ತೆ ಅನ್ನೋದೇ ಪರೀಕ್ಷೆ. ಸ್ಟಾರ್ಟ್ ಆದ್ಮೇಲೆ ಆಯಿಲ್ ಹಾಕೋ ಮುಚ್ಚಳ ತೆಗೀರಿ, ಅಲ್ಲಿಂದ ಹೊಗೆ ಬುಸುಬುಸು ಬಂದ್ರೆ ರಿಂಗು ಹೋಗಿದೆ. ಕಂಪ್ರೆಶನ್ ಗೇಜ್ ಇರೋ ಫಿಟ್ಟರನ್ನ ಜೊತೆಗೆ ಕರ್ಕೊಂಡು ಹೋಗ್ರಿ, ನಾಲ್ಕು ಸಿಲಿಂಡರ್ ನಡುವೆ 10 ಪರ್ಸೆಂಟಿಗಿಂತ ಜಾಸ್ತಿ ವ್ಯತ್ಯಾಸ ಇದ್ರೆ ನಾನಾದ್ರೆ ಕೈ ಬಿಡ್ತೀನಿ. ಸ್ಟಾರ್ಟ್ ಮಾಡೋಕೆ ಆಗಲ್ಲ ಅಂದ್ರೆ ಸಂಪ್ ಬಿಚ್ಸಿ ಒಂದೆರಡು ಬೇರಿಂಗ್ ಕ್ಯಾಪ್ ತೆಗೆದು ಕ್ರ್ಯಾಂಕ್ ಮುಖ ನೋಡ್ರಿ, ಬಿಚ್ಚೋಕೆ ಬಿಡಲ್ಲ ಅಂದ್ರೆ ಅಲ್ಲೇ ಉತ್ತರ ಸಿಕ್ಕಂಗೆ.

ಇಂಜಿನ್ ನಂಬರ್ ಸ್ಪಷ್ಟವಾಗಿ ಕಾಣಬೇಕು. ಉಜ್ಜಿದ ಗುರುತು, ಹೊಸದಾಗಿ ಹೊಡೆದಂಗಿರೋ ಅಕ್ಷರ ಇದ್ರೆ ಎಷ್ಟು ಅಗ್ಗ ಆದ್ರೂ ಬೇಡ, ಕಳ್ಳ ಗಾಡಿದಾದ್ರೆ ತಲೆ ಮೇಲೆ ಬರುತ್ತೆ. ಬಿಲ್ ತಗೊಳ್ರಿ, ಬಿಚ್ಚಿದ ಗಾಡಿಯ ಕಾಗದದ ಕಾಪಿ ತಗೊಳ್ರಿ. ಇನ್ನೊಂದು, ಪ್ಯೂಜೋದಲ್ಲೇ ಎಕ್ಸ್‌ಡಿ3ಪಿ ಅಂತ ದೊಡ್ಡಣ್ಣ ಇದಾನೆ, 94 ಬೋರು 90 ಸ್ಟ್ರೋಕು, 2498 ಸಿಸಿ. "ಇದೂ ಅದೇ ಸಾರ್, ಇನ್ನೂ ಪವರ್ ಜಾಸ್ತಿ" ಅಂತ ಅದನ್ನ ದಾಟ್ಸೋಕೆ ನೋಡ್ತಾರೆ. ಪವರ್ ಜಾಸ್ತಿ ಇರೋದು ನಿಜ, ಆದ್ರೆ ನಿಮ್ಮ ಆರ್‌ಸಿಯಲ್ಲಿ 2112 ಅಂತ ಬರೆದಿರುತ್ತೆ, ಅದಕ್ಕೆ ಆಮೇಲೆ ಬರ್ತೀನಿ.

ಇನ್ನು ಇಳಿಸೋ ಕೆಲಸ. ಫೋನಲ್ಲಿ ಎಲ್ಲಾ ಕಡೆಯಿಂದ ಫೋಟೋ ತಗೊಂಡು, ವೈರಿಗೆಲ್ಲ ಟೇಪ್ ಹಚ್ಚಿ ಹೆಸರು ಬರೀರಿ. ಬ್ಯಾಟರಿ ಬಿಚ್ರಿ. ಸೈಲೆನ್ಸರ್ ಫ್ಲಾಂಜಿನ ಬೋಲ್ಟಿಗೆ ಹಿಂದಿನ ರಾತ್ರಿನೇ ತುಕ್ಕು ಬಿಡಿಸೋ ಆಯಿಲ್ ಹೊಡೆದಿಡ್ರಿ, ಇಲ್ಲಾಂದ್ರೆ ಸ್ಟಡ್ ಮುರಿದು ಅರ್ಧ ದಿನ ಅಲ್ಲೇ ಹೋಗುತ್ತೆ. ಕೂಲೆಂಟ್, ಆಯಿಲ್ ಇಳಿಸಿ, ಬಾನೆಟ್ ತೆಗೆದು, ರೇಡಿಯೇಟರ್ ಮತ್ತೆ ಮುಂದಿನ ಗ್ರಿಲ್ ಬಿಚ್ಚಿದ್ರೆ ಜೀಪಲ್ಲಿ ಕೈಯಾಡೋಕೆ ಜಾಗವೋ ಜಾಗ, ಇವತ್ತಿನ ಕಾರಿನ ಥರ ಅಲ್ಲ. ಡೀಸೆಲ್ ಪೈಪ್ ಬಿಚ್ಚಿದ ಕೂಡ್ಲೇ ಬಾಯಿಗೆ ಮುಚ್ಚಳ ಇಲ್ಲ ಪ್ಲಾಸ್ಟಿಕ್ ಕಟ್ರಿ, ಒಂದು ಹರಳು ಮರಳು ಪಂಪಿಗೆ ಹೋದ್ರೆ ಖರ್ಚು ಬೇರೇನೇ. ಆಕ್ಸಿಲರೇಟರ್ ಲಿಂಕು, ಸ್ಟಾಪ್ ಕೇಬಲ್ಲು, ಹೀಟರ್ ಪ್ಲಗ್ ವೈರು, ಆಯಿಲ್ ಮತ್ತೆ ಟೆಂಪರೇಚರ್ ವೈರು, ಕ್ಲಚ್ ಲಿಂಕು, ಇಷ್ಟೇ.

ಫೋರ್‌ವೀಲ್ ಗಾಡಿಯಲ್ಲಿ ಎಚ್ಚರ ಬೇಕಾಗಿರೋದು ಇಲ್ಲಿಂದ. ಗೇರ್‌ಬಾಕ್ಸ್ ಹಿಂದೆ ಟ್ರಾನ್ಸ್‌ಫರ್ ಕೇಸ್ (ಮುಂದಿನ ಹಿಂದಿನ ಚಕ್ರಕ್ಕೆ ಶಕ್ತಿ ಹಂಚೋ ಪೆಟ್ಟಿಗೆ) ಅಂಟ್ಕೊಂಡಿದೆ, ಭಾರ. ಗೇರ್‌ಬಾಕ್ಸ್ ಚೆನ್ನಾಗಿದ್ರೆ ಅದನ್ನೂ ಟ್ರಾನ್ಸ್‌ಫರ್ ಕೇಸನ್ನೂ ಗಾಡಿಯಲ್ಲೇ ಬಿಟ್ಟು ಇಂಜಿನ್ ಒಂದನ್ನೇ ಮುಂದಕ್ಕೆ ಎಳೆದು ತೆಗೆಯೋದು ಸುಲಭ. ಆದ್ರೆ ಇಂಜಿನ್ ಹೋದ ಕೂಡ್ಲೇ ಗೇರ್‌ಬಾಕ್ಸಿನ ಮುಂದಿನ ತುದಿಗೆ ಆಸರೆ ಇರಲ್ಲ, ಬೆಲ್ ಹೌಸಿಂಗ್ (ಕ್ಲಚ್ ಮುಚ್ಚಿರೋ ಗೂಡು) ಬೋಲ್ಟ್ ಬಿಚ್ಚೋ ಮುಂಚೆನೇ ಕೆಳಗೆ ಮರದ ತುಂಡಿಟ್ಟು ಜಾಕಿ ಕೊಡ್ರಿ. ಚಕ್ರದ ಕಡೆ ಶಕ್ತಿ ಒಯ್ಯೋ ಪ್ರೊಪೆಲ್ಲರ್ ಶಾಫ್ಟ್ ಬಿಚ್ಚೋ ಹಂಗಿದ್ರೆ ಎರಡೂ ತುದಿಗೆ ಪೇಂಟಲ್ಲಿ ಗುರುತು ಹಾಕಿ ಹಂಗೇ ವಾಪಸ್ ಹಾಕ್ರಿ, ಇಲ್ಲಾಂದ್ರೆ ನಡುಗುತ್ತೆ. ಮತ್ತೆ ಕೆಲವು ಹಳೇ ಜೀಪಲ್ಲಿ ಹ್ಯಾಂಡ್ ಬ್ರೇಕ್ ಇರೋದು ಚಕ್ರದಲ್ಲಲ್ಲ, ಟ್ರಾನ್ಸ್‌ಫರ್ ಕೇಸ್ ಹಿಂದಿನ ಡ್ರಮ್ಮಲ್ಲಿ. ಹಿಂದಿನ ಶಾಫ್ಟ್ ಬಿಚ್ಚಿದ ಕ್ಷಣ ಹ್ಯಾಂಡ್ ಬ್ರೇಕ್ ಎಳೆದಿದ್ರೂ ಗಾಡಿ ಉರುಳುತ್ತೆ, ನೀವು ಕೆಳಗೆ ಮಲಗಿರ್ತೀರಿ. ನಾಲ್ಕೂ ಚಕ್ರಕ್ಕೆ ಕಲ್ಲು ಕೊಡದೆ ಕೆಳಗೆ ನುಗ್ಬೇಡ್ರಿ.

ಎತ್ತೋದಕ್ಕೆ 1 ಟನ್ ಚೈನ್ ಬ್ಲಾಕ್ ಬಾಡಿಗೆಗೆ ಸಿಗುತ್ತೆ. ಇಂಜಿನ್ ಎರಡು ಕ್ವಿಂಟಲ್ ಮೇಲೇ ತೂಗುತ್ತೆ. ಹಳ್ಳಿ ಕಡೆ ಹುಣಸೆ ಮರ, ಬೇವಿನ ಮರದ ಕೊಂಬೆಗೆ ಚೈನ್ ಬ್ಲಾಕ್ ನೇತಾಕೋದು ಅಭ್ಯಾಸ, ಕೊಂಬೆ ಒಳಗೆ ಟೊಳ್ಳಾಗಿರೋದು ಹೊರಗೆ ಕಾಣಲ್ಲ, ದಪ್ಪ ಪೈಪಿನ ಮೂರು ಕಾಲಿನ ಸ್ಟ್ಯಾಂಡೇ ಕಟ್ಕೊಳ್ರಿ. ಎತ್ತುವಾಗ ಇಂಜಿನ್ ಮೊದಲು ಸಮನಾಗಿ ಮುಂದಕ್ಕೆ ಸರೀಬೇಕು, ಗೇರ್‌ಬಾಕ್ಸ್ ಶಾಫ್ಟ್ ಕ್ಲಚ್ ಪ್ಲೇಟಿಂದ ಪೂರ್ತಿ ಹೊರಗೆ ಬಂದ್ಮೇಲೆ ಮೇಲಕ್ಕೆ. ಶಾಫ್ಟ್ ಮೇಲೆ ಇಂಜಿನ್ ಭಾರ ನೇತಾಡಿದ್ರೆ ಪ್ಲೇಟಿನ ಹಬ್ ಸೊಟ್ಟಗಾಗುತ್ತೆ, ಆಮೇಲೆ ಕ್ಲಚ್ ಬಿಡ್ವಾಗ ಗಾಡಿ ಕುಣಿಯುತ್ತೆ.

ಬೇರೆ ಇಂಜಿನ್ ಒಳಗೆ ಹೋಗೋಕೆ ಮುಂಚೆ ಹಿಂದಿನ ಕ್ರ್ಯಾಂಕ್ ಆಯಿಲ್ ಸೀಲು, ಕ್ಲಚ್ ಪ್ಲೇಟು, ರಿಲೀಸ್ ಬೇರಿಂಗು, ಪೈಲಟ್ ಬೇರಿಂಗು, ಬ್ಲಾಕ್ ಪಕ್ಕದ ಬಿಲ್ಲೆ ಥರದ ವಾಟರ್ ಪ್ಲಗ್ಗು, ಮೌಂಟಿಂಗ್ ರಬ್ಬರು ಇವಿಷ್ಟು ಹೊಸದು ಹಾಕ್ರಿ. "ಇದು ಇನ್ನೂ ಓಡುತ್ತೆ" ಅಂತ ಉಳಿಸಿದ ಸೀಲು ಮೂರು ತಿಂಗಳಿಗೆ ಸೋರಿದ್ರೆ ಅದೊಂದಕ್ಕೇ ಮತ್ತೆ ಇಂಜಿನ್ ಇಲ್ಲ ಗೇರ್‌ಬಾಕ್ಸ್ ಇಳಿಸ್ಬೇಕು. ವಾಟರ್ ಪಂಪು, ಹೋಸು, ಬೆಲ್ಟು ಹೊರಗಿರೋವು, ಆದ್ರೂ ಈಗ್ಲೇ ಮಾಡ್ಬಿಡ್ರಿ. ಆಯಿಲ್ ಕೂಲರ್, ಪೈಪ್ ಇದ್ರೆ ಡೀಸೆಲಲ್ಲಿ ತೊಳೆದು ಗಾಳಿ ಹೊಡೀರಿ, ಹಳೇ ಇಂಜಿನ್ನಿನ ಬೇರಿಂಗ್ ಚೂರು ಅದರಲ್ಲೇ ಕೂತಿರುತ್ತೆ. ಡೀಸೆಲ್ ಟ್ಯಾಂಕೂ ಇಳಿಸಿ ತೊಳೀರಿ.

ಕೂರಿಸೋವಾಗ ಕ್ಲಚ್ ಪ್ಲೇಟನ್ನ ಹಳೇ ಗೇರ್‌ಬಾಕ್ಸ್ ಶಾಫ್ಟಿನ ತುಂಡಿಂದ ನಡುವಿಗೆ ನಿಲ್ಸಿ ಪ್ರೆಷರ್ ಪ್ಲೇಟ್ ಬಿಗೀರಿ. ಗಾಡಿಯನ್ನ ಟಾಪ್ ಗೇರಿಗೆ ಹಾಕಿ, ಇಂಜಿನ್ ಹಿಂದಕ್ಕೆ ತಳ್ತಾ ಒಬ್ರು ಕ್ರ್ಯಾಂಕ್ ಪುಲ್ಲಿನ ಸ್ವಲ್ಪ ಸ್ವಲ್ಪ ಆಡ್ಸಿದ್ರೆ ಹಲ್ಲು ಹಲ್ಲಿಗೆ ಸೇರಿ "ಸರ್" ಅಂತ ಒಳಗೆ ಹೋಗುತ್ತೆ. ಕೊನೇ ಅರ್ಧ ಇಂಚು ಹೋಗ್ತಿಲ್ಲ ಅಂತ ಬೋಲ್ಟ್ ಹಾಕಿ ಎಳೆಯೋರಿದ್ದಾರೆ, ಬೆಲ್ ಹೌಸಿಂಗ್ ಕಿವಿ ಒಡೆಯೋದು ಹಿಂಗೇ. ಹೋಗ್ತಿಲ್ಲ ಅಂದ್ರೆ ಏನೋ ಅಡ್ಡ ಐತೆ, ಹಿಂದಕ್ಕೆ ತಗೊಂಡು ನೋಡ್ರಿ. ಮೌಂಟಿಂಗ್ ನಟ್ಟು ಎಲ್ಲಾ ಸೇರಿದ್ಮೇಲೆ ಕೊನೆಗೆ ಬಿಗಿಯೋದು.

ಈಗ ಆತುರ ಬೇಡ. 15ಡಬ್ಲ್ಯೂ40 ಡೀಸೆಲ್ ಇಂಜಿನ್ ಆಯಿಲ್ ಡಿಪ್‌ಸ್ಟಿಕ್ ನೋಡ್ಕೊಂಡು ತುಂಬಿ, ಫಿಲ್ಟರಿಗೂ ಆಯಿಲ್ ತುಂಬಿ ಹಾಕಿ. ಸ್ಟಾಪ್ ಕೇಬಲ್ ಎಳೆದು ಹಿಡಿದು, ಅಂದ್ರೆ ಡೀಸೆಲ್ ಹೋಗದಂಗೆ ಮಾಡಿ, ಹತ್ತತ್ತು ಸೆಕೆಂಡ್ ಬಿಟ್ಟು ಬಿಟ್ಟು ಸೆಲ್ಫ್ ಹೊಡೀರಿ, ಆಯಿಲ್ ಲೈಟ್ ಆರೋವರೆಗೂ. ಒಣ ಬೇರಿಂಗಲ್ಲಿ ನೇರ ಸ್ಟಾರ್ಟ್ ಮಾಡೋದು ಅಂದ್ರೆ ಮತ್ತೆ ಸೀಜಿಗೆ ನೀವೇ ಮುಹೂರ್ತ ಇಟ್ಟಂಗೆ. ಆಮೇಲೆ ಡೀಸೆಲ್ ಪೈಪಿನ ಏರ್ ತೆಗೆಯೋದು, ಮೊದಲು ಫಿಲ್ಟರ್ ಸ್ಕ್ರೂ, ಆಮೇಲೆ ಪಂಪ್ ಸ್ಕ್ರೂ, ಗುಳ್ಳೆ ನಿಂತು ಬರೀ ಡೀಸೆಲ್ ಬರೋವರೆಗೂ ಕೈ ಪಂಪ್ ಒತ್ತಿ, ಕೊನೆಗೆ ನಾಜಲ್ ನಟ್ ಸಡ್ಲಿಸಿ ಸೆಲ್ಫ್ ಹೊಡೆದು ಬಿಗೀರಿ. ಹೀಟರ್ ಹಿಡಿದು ಸ್ಟಾರ್ಟ್ ಮಾಡೋವಾಗ ಒಬ್ರು ಪಕ್ಕದಲ್ಲಿ ಇನ್‌ಟೇಕ್ ಬಾಯಿ ಪೂರ್ತಿ ಮುಚ್ಚೋವಷ್ಟು ದಪ್ಪ ಹಲಗೆ ಹಿಡ್ಕೊಂಡು ನಿಂತಿರ್ಲಿ. ಡೀಸೆಲ್ ಇಂಜಿನ್ ತನ್ನ ಆಯಿಲನ್ನೇ ಎಳ್ಕೊಂಡು ಉರಿಯೋಕೆ ಶುರು ಮಾಡಿದ್ರೆ ಕೀ ತಿರುಗಿಸಿದ್ರೂ ಸ್ಟಾಪ್ ಎಳೆದ್ರೂ ನಿಲ್ಲಲ್ಲ, ರೇಸ್ ಏರ್ತಾನೇ ಹೋಗುತ್ತೆ, ಗಾಳಿ ಮುಚ್ಚೋದೊಂದೇ ದಾರಿ. ಕೈ ಅಡ್ಡ ಹಿಡೀಬೇಡ್ರಿ, ಬಟ್ಟೆ ತುರುಕಬೇಡ್ರಿ, ಎರಡನ್ನೂ ಒಳಗೆ ಎಳ್ಕೊಳ್ಳುತ್ತೆ.

ಸ್ಟಾರ್ಟ್ ಆದ್ಮೇಲೆ ಟೆಂಪರೇಚರ್ ಮೀಟರ್ ಮುಳ್ಳು ಏಳುತ್ತಾ ನೋಡ್ರಿ, ಏಳ್ಲಿಲ್ಲ ಅಂದ್ರೆ "ಇಂಜಿನ್ ಕೂಲ್ ಐತೆ" ಅಂತ ಖುಷಿ ಪಡೋದಲ್ಲ, ವೈರ್ ನೋಡೋದು. ರೇಡಿಯೇಟರ್ ಲೆವೆಲ್ ಇಳಿದ್ರೆ ತುಂಬಿ. ಮೊದಲು ಊರೊಳಗೆ, ಆಮೇಲೆ ಹೈವೇಯಲ್ಲಿ ಲೋಡಿಲ್ದೆ ಓಡಿಸ್ರಿ. ಫೋರ್‌ವೀಲ್ ಹಾಕಿ ನೋಡ್ಬೇಕು ಅಂದ್ರೆ ಮಣ್ಣು ರಸ್ತೆಗೆ ಇಳೀರಿ, ಒಣ ಟಾರ್ ಮೇಲೆ ಹಾಕಿದ್ರೆ ಮುಂದಿನ ಹಿಂದಿನ ಶಾಫ್ಟ್ ಒಂದಕ್ಕೊಂದು ತಿರುಚ್ಕೊಂಡು ಲಿವರ್ ವಾಪಸ್ ಬರೋದೇ ಕಷ್ಟ ಆಗುತ್ತೆ. 500 ಕಿಲೋಮೀಟರಿಗೆ ಆಯಿಲ್ ಫಿಲ್ಟರ್ ಬದಲಾಯ್ಸಿ, ಮೌಂಟಿಂಗ್, ಬೆಲ್ ಹೌಸಿಂಗ್, ಸೈಲೆನ್ಸರ್ ಬೋಲ್ಟ್ ಎಲ್ಲಾ ಇನ್ನೊಂದು ಸಲ ಬಿಗೀರಿ.

ಕಾಗದದ ಕೆಲಸ ಕೊನೆಗೆ ಬರೆದ್ರೂ ಮಾಡೋದು ಮೊದಲೇ ಶುರು ಮಾಡ್ಬೇಕು. ಮೋಟಾರು ವಾಹನ ಕಾಯ್ದೆ 1988ರ ಸೆಕ್ಷನ್ 52 ಪ್ರಕಾರ ಆರ್‌ಸಿಯಲ್ಲಿರೋ ವಿವರಕ್ಕೂ ಗಾಡಿಗೂ ಹೊಂದದಂಗೆ ಬದಲಾಯ್ಸೋ ಹಂಗಿಲ್ಲ, ಇಂಜಿನ್ ಬದಲಾಯ್ಸಿದ್ರೆ 14 ದಿನದೊಳಗೆ ಆರ್‌ಟಿಒಗೆ ತಿಳಿಸಿ ಆರ್‌ಸಿಯಲ್ಲಿ ನಂಬರ್ ತಿದ್ದಿಸ್ಕೋಬೇಕು. ಕೆಎ-17 ಆದ್ರೆ ದಾವಣಗೆರೆ, ಕೆಎ-16 ಆದ್ರೆ ಚಿತ್ರದುರ್ಗ ಆಫೀಸು. ಇಂಜಿನ್ ಕೊಳ್ಳೋ ಮುಂಚೆನೇ ಹೋಗಿ ಅದೇ ಮೇಕು ಅದೇ ಮಾಡೆಲ್ ಇಂಜಿನ್ ಹಾಕ್ತಿದೀನಿ ಅಂತ ಕೇಳ್ಕೊಂಡು ಪರ್ಮಿಶನ್ ತಗೊಂಡ್ರೆ ಸುಲಭ. 2112 ಜಾಗದಲ್ಲಿ 2498 ತಂದ್ರೆ ನಂಬರ್ ಜೊತೆಗೆ ಸಿಸಿನೂ ಬೇರೆ, ಅಲ್ಲಿ ಸಿಕ್ಕಾಕ್ಕೊಳ್ತೀರಿ. 2019ರ ತಿದ್ದುಪಡಿ ಆದ್ಮೇಲೆ ಪರ್ಮಿಶನ್ ಇಲ್ಲದ ಆಲ್ಟರೇಶನ್‌ಗೆ ಒಂದೊಂದಕ್ಕೂ 5,000 ರೂಪಾಯಿ ದಂಡ, 6 ತಿಂಗಳವರೆಗೆ ಜೈಲೂ ಇದೆ. ಗಾಡಿ 15 ವರ್ಷ ದಾಟಿದ್ರೆ 5 ವರ್ಷಕ್ಕೊಂದು ಸಲ ರಿನ್ಯೂವಲ್‌ಗೆ ಇನ್‌ಸ್ಪೆಕ್ಟರ್ ಮುಂದೆ ನಿಲ್ಸಲೇಬೇಕು, ನಂಬರ್ ನೋಡೋದು ಆಗ್ಲೇ. ಇನ್ಶೂರೆನ್ಸಿನವರಿಗೂ ಹೊಸ ನಂಬರ್ ಬರೆದು ಕೊಡ್ರಿ.

ಆರ್‌ಸಿ ತಿದ್ದಾಗಿ ಬರೋವರೆಗೂ ಹಳೇ ಬ್ಲಾಕನ್ನ ಗುಜರಿಗೆ ಹಾಕ್ಬೇಡ್ರಿ, ಹಳೇ ನಂಬರ್ ತೋರ್ಸಿ ಅಂದ್ರೆ ಕೈಯಲ್ಲಿ ಇರಬೇಕು. ಆರ್‌ಸಿ ತಿದ್ದಾಗಿ ಬಂದ್ಮೇಲೂ ಹೆಡ್ಡು, ಡೀಸೆಲ್ ಪಂಪು, ಮ್ಯಾನಿಫೋಲ್ಡು, ಸಂಪು ಚೆನ್ನಾಗಿದ್ರೆ ಬಿಚ್ಚಿ ಆಯಿಲ್ ಸವರಿ ಚೀಲ ಕಟ್ಟಿಟ್ಕೊಳ್ರಿ, ಬರೀ ಬ್ಲಾಕು ಮತ್ತೆ ಕ್ರ್ಯಾಂಕ್ ಮಾತ್ರ ತೂಕಕ್ಕೆ ಕೊಡ್ರಿ, ಈ ಇಂಜಿನ್ನಿನ ಸಾಮಾನು ವರ್ಷ ವರ್ಷಕ್ಕೆ ಹುಡುಕೋದು ಕಷ್ಟ ಆಗ್ತಿದೆ.